ಸವೆದ ಪಿನ್‌ಬಾಲ್ ಚಿತ್ರವನ್ನು ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ 1970ರ ದಶಕದ ಒಂದು ಪಿನ್‌ಬಾಲ್ ಯಂತ್ರ ಇದೆ. ಒಳಗಿನ ರಿಲೇ, ಕಾಯಿಲ್ ಎಲ್ಲ ರಿಪೇರಿ ಮಾಡಿಕೊಂಡೆ, ಆಟ ಚೆನ್ನಾಗಿ ಓಡುತ್ತದೆ. ಆದರೆ ಚೆಂಡು ಓಡುವ ಮರದ ಹಲಗೆಯಲ್ಲಿ, ಚೆಂಡನ್ನು ಹೊಡೆಯುವ ಫ್ಲಿಪ್ಪರ್‌ಗಳ ಮುಂದೆ, ತಾಗಿದ ಚೆಂಡನ್ನು ಚಿಮ್ಮಿಸುವ ಬಂಪರ್‌ಗಳ ಸುತ್ತ ಬಣ್ಣ ಸವೆದು ಮರ ಕಾಣುತ್ತಿದೆ. ಯಂತ್ರದ ತಲೆಭಾಗದಲ್ಲಿ ನಿಂತಿರುವ ಚಿತ್ರದ ಗಾಜು, ಅಂದರೆ ಬ್ಯಾಕ್‌ಗ್ಲಾಸಿನ ಬಣ್ಣವೂ ಅಲ್ಲಲ್ಲಿ ಚಕ್ಕೆ ಎದ್ದಿದೆ. ಫೋನಿನಲ್ಲಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಆಟೋ ಟ್ರೇಸ್ (ಫೋಟೋ ನೋಡಿ ಸಾಫ್ಟ್‌ವೇರ್ ತಾನೇ ಗೆರೆ ಎಳೆಯುವುದು) ಹಾಕಿದೆ. ಬಂದ ಚಿತ್ರ ಕರಗಿದ ಮೇಣದ ಹಾಗಿದೆ. ಪ್ರಿಂಟ್ ತೆಗೆದು ಹಲಗೆಯ ಮೇಲಿಟ್ಟರೆ ತೂತುಗಳು ಕೂರುತ್ತಿಲ್ಲ. ಎಲ್ಲಿ ತಪ್ಪಿದೆ? ಬಣ್ಣವೇ ಇಲ್ಲದ ಜಾಗದಲ್ಲಿ ಮೊದಲು ಏನಿತ್ತು ಅಂತ ಹೇಗೆ ಕಂಡುಹಿಡಿಯುವುದು?

ಉತ್ತರ:

ಆ ಆಟೋ ಟ್ರೇಸ್ ಫೈಲನ್ನು ಮೊದಲು ಅಳಿಸಿಬಿಡಿ. ಅದನ್ನು ತಿದ್ದುತ್ತಾ ಕೂತರೆ ಹೊಸದಾಗಿ ಬಿಡಿಸುವುದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಕಲಾವಿದ ಎಳೆದ ಗೆರೆ ಯಾವುದು, ಚೆಂಡು ಎಳೆದ ಗೀರು ಯಾವುದು ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಮಾಸಿದ ಕೆಂಪು, ಮಾಸದ ಕೆಂಪು, ಕೊಳೆ ಕೂತ ಕೆಂಪು ಮೂರೂ ಅದರ ಲೆಕ್ಕಕ್ಕೆ ಮೂರು ಬಣ್ಣ. ಅಚ್ಚು ಹಾಕಿದವನ ಲೆಕ್ಕಕ್ಕೆ ಅದು ಒಂದೇ ಡಬ್ಬಿಯ ಶಾಯಿ. ನೀವೂ ಅವನ ಹಾಗೆ ನೋಡಲು ಶುರು ಮಾಡಿದರೆ ಮುಂದಿನ ಕೆಲಸ ಅರ್ಧ ಹಗುರ.

ಹಾಗಾಗಿ ಈ ಚಿತ್ರಗಳನ್ನು ಹೇಗೆ ಮಾಡುತ್ತಿದ್ದರು ಅನ್ನುವುದರಿಂದಲೇ ಶುರು ಮಾಡುತ್ತೇನೆ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಶಿಕಾಗೋ ಕಾಯಿನ್, ಎಲ್ಲ ದೊಡ್ಡ ಕಂಪನಿಗಳೂ ಶಿಕಾಗೋ ಸುತ್ತಮುತ್ತಲೇ ಇದ್ದವು. ಚಿತ್ರದ ಕೆಲಸದಲ್ಲಿ ಬಹುಪಾಲು ಅಡ್ವರ್ಟೈಸಿಂಗ್ ಪೋಸ್ಟರ್ಸ್ ಎಂಬ ಅಲ್ಲಿನದೇ ಅಚ್ಚಿನ ಕಂಪನಿಗೆ ಹೋಗುತ್ತಿತ್ತು. ರಾಯ್ ಪಾರ್ಕರ್, ಕ್ರಿಶ್ಚಿಯನ್ ಮಾರ್ಶ್, ಡೇವ್ ಕ್ರಿಸ್ಟೆನ್ಸನ್ ತರಹದ ಕಲಾವಿದರು ಅಲ್ಲಿ ಕೆಲಸ ಮಾಡಿದವರು. ಚಿತ್ರ ಒಪ್ಪಿಗೆಯಾದ ಮೇಲೆ ಅದನ್ನು ಬಣ್ಣ ಬಣ್ಣವಾಗಿ ಬಿಡಿಸಬೇಕಿತ್ತು. ಕೆಂಪು ಪೊರೆ ಅಂಟಿದ ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲಿಟ್ಟು, ಒಂದೊಂದು ಬಣ್ಣಕ್ಕೂ ಒಂದೊಂದು ಹಾಳೆಯನ್ನು ಚೂಪಾದ ಚಾಕುವಿನಿಂದ ಕೈಯಲ್ಲೇ ಕೊಯ್ಯುತ್ತಿದ್ದರು. ಒಂದೊಂದು ಹಾಳೆಯಿಂದ ಒಂದೊಂದು ಸ್ಕ್ರೀನ್, ಅಂದರೆ ಶಾಯಿಯನ್ನು ಬೇಕಾದ ಕಡೆ ಮಾತ್ರ ಬಿಡುವ ಬಲೆಯ ಅಚ್ಚು. ಪ್ಲೈವುಡ್ ಹಲಗೆಯ ಮೇಲೆ ತಿಳಿ ಬಣ್ಣಗಳು ಮೊದಲು, ಗಾಢ ಬಣ್ಣಗಳು ಆಮೇಲೆ, ಎಲ್ಲಕ್ಕಿಂತ ಕೊನೆಗೆ ಕಪ್ಪು ಗೆರೆ. ಅದರ ಮೇಲೆ ಬಣ್ಣ ಕಾಪಾಡುವ ಪಾರದರ್ಶಕ ಲ್ಯಾಕರ್.

ಅಂದರೆ ನಿಮ್ಮ ಮುಂದಿರುವುದು ಒಂದು ಚಿತ್ರ ಅಲ್ಲ. ಒಂದರ ಮೇಲೊಂದು ಕೂತ ಐದಾರೋ ಏಳೆಂಟೋ ಅಚ್ಚುಗಳು. ನೀವು ಬಿಡಿಸಬೇಕಾದದ್ದು ಆ ಅಚ್ಚುಗಳನ್ನು. ಭೂತಗನ್ನಡಿ ಹಿಡಿದು ಹಲಗೆಯ ಮುಂದೆ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಯಾವ ಬಣ್ಣದ ಮೇಲೆ ಯಾವುದು ಹತ್ತಿದೆ ಅಂತ ಅಂಚುಗಳಲ್ಲಿ ಕಾಣುತ್ತದೆ. ಹಳದಿಯ ಮೇಲೆ ನೀಲಿ ಹತ್ತಿ ಹಸಿರಾಗಿದ್ದರೆ ಅದು ಮೂರನೇ ಶಾಯಿ ಅಲ್ಲ, ಎರಡೇ. ಒಂದು ಕಾಗದದ ಮೇಲೆ ಪದರಗಳ ಪಟ್ಟಿ ಬರೆದುಕೊಳ್ಳಿ. ಕಂಪ್ಯೂಟರಿನಲ್ಲಿ ಲೇಯರ್‌ಗಳು ಇದೇ ಕ್ರಮದಲ್ಲಿ ಇರಬೇಕು.

ಒಂದು ಮುಖ್ಯ ವಿಷಯ. ಬಣ್ಣ ಕಪ್ಪು ಗೆರೆಯ ಅಂಚಿಗೆ ನಿಲ್ಲುವುದಿಲ್ಲ, ಅದರ ಅಡಿಗೆ ನುಗ್ಗಿರುತ್ತದೆ. ಸ್ಕ್ರೀನ್ ಒಂದು ಕೂದಲೆಳೆ ಜರುಗಿದರೂ ನಡುವೆ ಬಿಳಿ ಸಂದು ಕಾಣಬಾರದು ಅಂತ ಹೀಗೆ ಮಾಡುತ್ತಿದ್ದರು. ನೀವೂ ಹಳದಿಯನ್ನು ಕಪ್ಪು ಗೆರೆಯ ನಡುಮಧ್ಯದ ತನಕ ಎಳೆಯಿರಿ. ಅಂಚಿಗೆ ಅಂಚು ಕೂರಿಸಿದ ಫೈಲು ಪರದೆಯ ಮೇಲೆ ಸೊಗಸಾಗಿ ಕಾಣುತ್ತದೆ. ಪ್ರಿಂಟ್ ಆದಾಗ ಕೈ ಕೊಡುತ್ತದೆ.

ಈಗ ನಿಮ್ಮ ತೂತುಗಳ ಕಥೆಗೆ ಬರೋಣ. ಫೋನಿನ ಫೋಟೋ ಅಳತೆಗೆ ಆಗಿಬರುವುದಿಲ್ಲ. ಲೆನ್ಸ್ ಅಂಚುಗಳನ್ನು ಬಾಗಿಸುತ್ತದೆ. ಕ್ಯಾಮೆರಾ ಒಂದು ಡಿಗ್ರಿ ವಾಲಿದರೂ ಹಲಗೆಯ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಇಲ್ಲಿ ಬೇಕಾದದ್ದು ಫ್ಲಾಟ್‌ಬೆಡ್ ಸ್ಕ್ಯಾನರ್. ಹಲಗೆಯ ಮೇಲಿನ ಪೋಸ್ಟ್, ರಬ್ಬರ್, ಪ್ಲಾಸ್ಟಿಕ್, ತಂತಿ ಎಲ್ಲ ಬಿಚ್ಚಿ. ಬಿಚ್ಚುವ ಮುಂಚೆ ಪ್ರತಿಯೊಂದು ಮೂಲೆಯ ಫೋಟೋ ಇರಲಿ, ಅದಕ್ಕೆ ಫೋನು ಸಾಕು. ಆಮೇಲೆ ಸ್ಕ್ಯಾನರಿನ ಮುಚ್ಚಳ ತೆಗೆದು, ಅದನ್ನೇ ಬೋರಲು ಹಾಕಿ ಹಲಗೆಯ ಮೇಲಿಟ್ಟು ತುಂಡು ತುಂಡಾಗಿ ಸ್ಕ್ಯಾನ್ ಮಾಡಿ.

ಎಲ್ಲ ಸ್ಕ್ಯಾನರೂ ಇದಕ್ಕೆ ನಡೆಯುವುದಿಲ್ಲ. ಈಗ ಸಿಗುವ ತೆಳು ಸ್ಕ್ಯಾನರ್‌ಗಳಲ್ಲಿ ಬಹುಪಾಲು ಸಿಐಎಸ್ ಜಾತಿಯವು. ಗಾಜಿಗೆ ಅಂಟಿದ್ದು ಮಾತ್ರ ಸ್ಪಷ್ಟ, ಎರಡು ಮಿಲಿಮೀಟರ್ ದೂರ ಹೋದರೆ ಮಂಜು. ಸ್ಕ್ಯಾನರಿನ ಚೌಕಟ್ಟು ಗಾಜಿಗಿಂತ ಎತ್ತರ ಇದ್ದರೆ ಗಾಜು ಹಲಗೆಯನ್ನು ಮುಟ್ಟುವುದೇ ಇಲ್ಲ. ಹಳೆಯ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಸಿಕ್ಕರೆ ಬಿಡಬೇಡಿ, ಅದು ಸ್ವಲ್ಪ ದೂರದ್ದನ್ನೂ ಚೆನ್ನಾಗಿ ನೋಡುತ್ತದೆ.

600 ಡಿಪಿಐ (ಒಂದು ಇಂಚಿಗೆ 600 ಪಿಕ್ಸೆಲ್) ಸಾಕು. ಆ ಕಾಲದ ಪ್ಲೇಫೀಲ್ಡ್, ಅಂದರೆ ಈ ಹಲಗೆ, ಸುಮಾರು 20.25 ಇಂಚು ಅಗಲ, 42 ಇಂಚು ಉದ್ದ ಅಂತ ಇಟ್ಟುಕೊಳ್ಳಿ. 600 ಡಿಪಿಐನಲ್ಲಿ ಅದು 12,150 ಗುಣಿಸು 25,200 ಪಿಕ್ಸೆಲ್, ಅಂದರೆ 30 ಕೋಟಿಗೂ ಮೇಲೆ. ಒಂದೇ ಲೇಯರಿಗೆ 900 ಎಂಬಿ ದಾಟುತ್ತದೆ. 1,200 ಹಾಕಿದರೆ ಇದರ ನಾಲ್ಕು ಪಟ್ಟು. ಮರದ ನಾರು ಇನ್ನೂ ಚೆನ್ನಾಗಿ ಕಾಣುತ್ತದೆ ಅಷ್ಟೇ, ಗೆರೆ ಚೆನ್ನಾಗಿ ಕಾಣುವುದಿಲ್ಲ. ಸ್ಕ್ಯಾನರಿನ ಆಟೋ ಕಲರ್, ಆಟೋ ಶಾರ್ಪನ್ ಎಲ್ಲ ಆಫ್ ಮಾಡಿ. ಇಲ್ಲದಿದ್ದರೆ ಒಂದೊಂದು ತುಂಡಿಗೆ ಒಂದೊಂದು ಬಣ್ಣ ಬರುತ್ತದೆ. ತುಂಡುಗಳು ಒಂದರ ಮೇಲೊಂದು ಮೂರನೇ ಒಂದು ಪಾಲಾದರೂ ಹತ್ತಿರಲಿ. ಪ್ರತಿ ತುಂಡಿನಲ್ಲೂ ಒಂದು ಸ್ಟೀಲ್ ಸ್ಕೇಲ್ ಕಾಣುವ ಹಾಗೆ ಇಡಿ.

ಆ ಸ್ಕೇಲ್ ಯಾಕೆ ಅಂದರೆ, ಸ್ಕ್ಯಾನರ್ ಕೂಡ ಸುಳ್ಳು ಹೇಳುತ್ತದೆ. ಅದರ ದೀಪ ಸರಿಯುವ ದಿಕ್ಕಿನಲ್ಲಿ ಅಳತೆ ಸ್ವಲ್ಪ ಹಿಗ್ಗಿರಬಹುದು, ಕುಗ್ಗಿರಬಹುದು. 100ಕ್ಕೆ 0.3ರಷ್ಟು ತಪ್ಪಿದರೆ ಒಂದು ಹಾಳೆಯಲ್ಲಿ ಏನೂ ಗೊತ್ತಾಗುವುದಿಲ್ಲ. 42 ಇಂಚಿಗೆ ಅದು ಮೂರು ಮಿಲಿಮೀಟರಿಗಿಂತ ಜಾಸ್ತಿ. ನನ್ನ ಮೊದಲ ಹಲಗೆಯಲ್ಲಿ ನಾನು ಕಲಿತ ಪಾಠ ಇದು. ತುಂಡುಗಳನ್ನು ಪನೋರಮಾ ಸಾಫ್ಟ್‌ವೇರಿಗೆ ಕೊಟ್ಟೆ. ಅದು ಒಂದೂ ಸಂದು ಕಾಣದ ಹಾಗೆ ಹೊಲಿದುಕೊಟ್ಟಿತು. ಅದರ ಮೇಲೆ ಐದು ವಾರ ಕೂತು ಬಿಡಿಸಿದೆ. ಪ್ರಿಂಟ್ ಹಾಕಿ ಹಲಗೆಯ ಮೇಲೆ ಹಾಸಿದರೆ ಮೇಲಿನ ತುದಿ ಕೂತಿತು, ಕೆಳಗಿನ ತುದಿ ಕೂತಿತು, ನಡುವೆ ಇಡೀ ಚಿತ್ರ ಬಾಳೆಕಾಯಿ ಹಾಗೆ ಬಾಗಿತ್ತು. ಉದ್ದ ಮಾತ್ರ ತಪ್ಪಿದ್ದರೆ ಎಳೆದು ಸರಿ ಮಾಡಬಹುದಿತ್ತು. ಬಾಗಿದ್ದನ್ನು ಎಳೆಯುವುದು ಹೇಗೆ? ಆ ಫೈಲನ್ನು ಈಗಲೂ ಇಟ್ಟುಕೊಂಡಿದ್ದೇನೆ, ಜಂಬ ಬಂದಾಗ ತೆಗೆದು ನೋಡುತ್ತೇನೆ.

ಅಂದಿನಿಂದ ನಾನು ಮಾಡುವ ಕ್ರಮ ಹೀಗಿದೆ. ಮೊದಲು ಹಲಗೆಯನ್ನೇ ಅಳೆಯುತ್ತೇನೆ. ಒಂದು ಮೂಲೆಯಿಂದ ಹಿಡಿದು ಇಪ್ಪತ್ತು ಮೂವತ್ತು ತೂತುಗಳ ನಡುಬಿಂದುವಿನ ತನಕ ಉದ್ದ, ಅಗಲ ಎರಡೂ. ಓರೆಯಾಗಿ ಮೂಲೆಯಿಂದ ಮೂಲೆಗೂ ಅಳೆಯುತ್ತೇನೆ. ಚಿತ್ರವನ್ನು ಪಿಕ್ಸೆಲ್ ಬದಲು ಗೆರೆಗಳಾಗಿ ಇಡುವ ವೆಕ್ಟರ್ ಸಾಫ್ಟ್‌ವೇರಿನಲ್ಲಿ, ಅದು ಇಲ್ಲಸ್ಟ್ರೇಟರ್ ಆಗಲಿ, ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಆಗಲಿ, ಹಲಗೆಯ ನಿಜವಾದ ಅಳತೆಯ ಹಾಳೆ ತೆರೆದು ಆ ತೂತುಗಳನ್ನು ಗುರುತು ಹಾಕುತ್ತೇನೆ. ಆ ಲೇಯರಿಗೆ ಬೀಗ. ಸ್ಕ್ಯಾನ್ ತುಂಡುಗಳನ್ನು ಒಂದೊಂದಾಗಿ ತಂದು ಆ ತೂತುಗಳಿಗೆ ಕೂರಿಸುತ್ತೇನೆ. ತುಂಡುಗಳ ನಡುವೆ ಸಂದು ಕಂಡರೆ ಕಾಣಲಿ. ಗೆರೆ ಎಳೆಯುವವರು ನಾವು, ಸಂದನ್ನು ನಾವೇ ದಾಟುತ್ತೇವೆ. ಚಿತ್ರ ಹಲಗೆಗೆ ಹೊಂದಬೇಕು. ತುಂಡು ತುಂಡಿಗೆ ಹೊಂದಿ ಏನು ಪ್ರಯೋಜನ?

ಕ್ಲೀನಿಂಗ್ ಬಗ್ಗೆ ಒಂದು ಮಾತು ಸೇರಿಸಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಜನ ಅವಸರ ಮಾಡುತ್ತಾರೆ. ಉಜ್ಜುವ ಮುಂಚೆ ಒಂದು ಸಲ ಸ್ಕ್ಯಾನ್ ಮಾಡಿ. ಸಡಿಲವಾಗಿರುವ ಬಣ್ಣ ಬಟ್ಟೆಗೆ ಹತ್ತಿ ಹೋದರೆ ಆ ಸಾಕ್ಷಿ ವಾಪಸ್ ಬರುವುದಿಲ್ಲ. ಮರ ಬಿಟ್ಟಿರುವ ಜಾಗಕ್ಕೆ ನೀರು ತಾಗಿಸಬೇಡಿ, ನಾರು ಉಬ್ಬುತ್ತದೆ.

ಇನ್ನು ಗೆರೆ. ಪೆನ್ ಟೂಲ್ ಹಿಡಿದು ಕೈಯಲ್ಲೇ ಎಳೆಯಬೇಕು, ಬೇರೆ ದಾರಿ ಇಲ್ಲ. ಮೊದಲು ಇನ್‌ಸರ್ಟ್‌ಗಳ (ಹಲಗೆಯಲ್ಲಿ ಕೂರಿಸಿದ, ಅಡಿಯಿಂದ ದೀಪ ಬೆಳಗುವ ಪ್ಲಾಸ್ಟಿಕ್ ತುಂಡುಗಳ) ಸುತ್ತಲಿನ ಉಂಗುರಗಳು, ಆಮೇಲೆ ಇಡೀ ಕಪ್ಪು ಪದರ, ಕಪ್ಪು ಮುಗಿದ ಮೇಲೆ ಬಣ್ಣಗಳು. ಚುಕ್ಕಿ ಎಷ್ಟು ಕಮ್ಮಿಯೋ ಗೆರೆ ಅಷ್ಟು ನಯ. ಬಾಗು ತಿರುಗುವ ತುದಿಗಳಲ್ಲಿ ಮಾತ್ರ ಚುಕ್ಕಿ ಇಡಿ. ಒಂದು ಕೆನ್ನೆಯ ಗೆರೆಗೆ ಮೂರು ಚುಕ್ಕಿ ಸಾಕು. ನಿಮ್ಮ ಆಟೋ ಟ್ರೇಸ್ ಅದಕ್ಕೆ ನಲವತ್ತು ಇಟ್ಟಿರುತ್ತದೆ, ಅದಕ್ಕೇ ಅದು ಮೇಣದ ಹಾಗೆ ಕಂಡದ್ದು. ಜೂಮ್ ಕೂಡ ಜಾಸ್ತಿ ಬೇಡ. 300 ಪರ್ಸೆಂಟ್ ದಾಟಿದರೆ ಶಾಯಿ ನಾರಿಗೆ ಹರಡಿದ್ದನ್ನೆಲ್ಲ ಗೆರೆ ಅಂದುಕೊಂಡು ಎಳೆಯಲು ಶುರು ಮಾಡುತ್ತೇವೆ.

ಕಲಾವಿದ ಬ್ರಶ್ಶಿನಲ್ಲಿ ಎಳೆದ ಗೆರೆ ಒಂದೇ ದಪ್ಪ ಇರುವುದಿಲ್ಲ. ತೆಳುವಾಗಿ ಶುರುವಾಗಿ, ತೋಳಿನ ಬಾಗಿನಲ್ಲಿ ದಪ್ಪಗಾಗಿ, ಮತ್ತೆ ತೆಳುವಾಗಿ ಮುಗಿಯುತ್ತದೆ. ಇದನ್ನು ಒಂದೇ ದಪ್ಪದ ಸ್ಟ್ರೋಕ್‌ನಲ್ಲಿ ಎಳೆದರೆ ಮನುಷ್ಯ ಹೋಗಿ ತಂತಿಯ ಬೊಂಬೆ ಬರುತ್ತದೆ. ಗೆರೆಯ ಎರಡೂ ಬದಿಯನ್ನು ಎಳೆದು, ನಡುವೆ ಕಪ್ಪು ತುಂಬಿ. ಕಷ್ಟ ಜಾಸ್ತಿ, ಆದರೆ ಇಡೀ ಚಿತ್ರದ ಜೀವ ಇರುವುದು ಇಲ್ಲಿ. ಇನ್‌ಸರ್ಟ್ ಸುತ್ತಲಿನ ಉಂಗುರಗಳು ಇದಕ್ಕೆ ಹೊರತು. ಅವನ್ನು ಅಂದೂ ಕೈವಾರದಲ್ಲೇ ಕೊಯ್ದಿದ್ದು, ನೀವೂ ವೃತ್ತವನ್ನೇ ಹಾಕಿ.

ಅಕ್ಷರಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ‘ಸ್ಪೆಷಲ್ ವೆನ್ ಲಿಟ್’ (ದೀಪ ಹೊತ್ತಿದಾಗ ವಿಶೇಷ ಬಹುಮಾನ) ಅನ್ನುವ ಬರಹ ಹಲಗೆಯಲ್ಲಿ ಎರಡು ಕಡೆ ಇದ್ದರೆ, ಎರಡರಲ್ಲೂ ಅದೇ ಅಕ್ಷರವನ್ನು ಒಂದರ ಮೇಲೊಂದು ಇಟ್ಟು ನೋಡಿ. ಕೂತರೆ ಅಚ್ಚಿನ ಅಕ್ಷರ. ಕೂರದಿದ್ದರೆ ಯಾರೋ ಕೈಯಲ್ಲಿ ಬರೆದದ್ದು. ಕೈಬರಹ ಅಂತ ಗೊತ್ತಾದ ಮೇಲೆ ಹತ್ತಿರದ ಫಾಂಟ್ ಹುಡುಕಿ ಟೈಪ್ ಮಾಡಬೇಡಿ. ‘ಒಂದು ಒಳ್ಳೆಯ ಎಸ್ ಬಿಡಿಸಿದೆ, ಎಲ್ಲ ಕಡೆ ಅದನ್ನೇ ಕಾಪಿ ಮಾಡುತ್ತೇನೆ’ ಅನ್ನುವ ಆಸೆಯೂ ಬೇಡ. ನೋಡುವವರಿಗೆ ಏನು ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ.

ಹಾಗಾದರೆ ಹಳೆಯ ಹಲಗೆಯಲ್ಲಿ ಕಂಡ ಎಲ್ಲ ಅಂಕುಡೊಂಕನ್ನೂ ಉಳಿಸಬೇಕಾ ಅಂತ ಕೇಳಬಹುದು. ಇಲ್ಲ. ಡೊಂಕು ಎರಡು ತರಹ. ಚಾಕು ಹಿಡಿದವನ, ಬ್ರಶ್ ಹಿಡಿದವನ ಕೈಯ ಡೊಂಕು ಒಂದು. ಅದು ಆ ಮಾದರಿಯ ಎಲ್ಲ ಯಂತ್ರಗಳಲ್ಲೂ ಇರುತ್ತದೆ, ಅದನ್ನು ಉಳಿಸಿ. ನಿಮ್ಮ ಹಲಗೆ ಅಚ್ಚಾದ ದಿನ ಕೆಂಪು ಸ್ಕ್ರೀನ್ ಒಂದು ಮಿಲಿಮೀಟರ್ ಬಲಕ್ಕೆ ಜರುಗಿದ್ದು ಇನ್ನೊಂದು. ಪಕ್ಕದ ಹಲಗೆಯಲ್ಲಿ ಅದು ಎಡಕ್ಕೆ ಜರುಗಿರಬಹುದು. ಅದು ಚಿತ್ರದ ಭಾಗ ಅಲ್ಲ, ಬಿಟ್ಟುಬಿಡಿ. ಕೆಲವರು ಅದನ್ನೂ ಭಕ್ತಿಯಿಂದ ಕಾಪಿ ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ.

ಕಪ್ಪು ಪದರ ಮುಗಿದ ಕೂಡಲೇ, ಬಣ್ಣಕ್ಕೆ ಕೈ ಹಾಕುವ ಮುಂಚೆ, ಬರೀ ಕಪ್ಪನ್ನು ನಿಜ ಅಳತೆಯಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ಪ್ರಿಂಟ್ ಹಾಕಿಸಿ ಹಲಗೆಯ ಮೇಲೆ ಹಾಸಿ. ಕಾಗದ ತೇವಕ್ಕೆ ಹಿಗ್ಗುತ್ತದೆ, ಫಿಲ್ಮ್ ಅಷ್ಟು ಹಿಗ್ಗುವುದಿಲ್ಲ. ಉಂಗುರಗಳು ಇನ್‌ಸರ್ಟ್‌ಗಳ ಮೇಲೆ ಕೂತರೆ ಮುಂದೆ ಹೋಗಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಬಣ್ಣವೇ ಇಲ್ಲದ ಜಾಗದಲ್ಲಿ ಏನಿತ್ತು?

ಮೊದಲು ನಿಮ್ಮ ಹಲಗೆಯನ್ನೇ ಕೇಳಿ. ಪೂರ್ತಿ ಹೋಯಿತು ಅಂದುಕೊಂಡ ಕಡೆಯಲ್ಲೂ ಶಾಯಿ ನಾರಿನ ಸಂದಿನಲ್ಲಿ ಉಳಿದಿರುತ್ತದೆ. ಸ್ಕ್ಯಾನನ್ನು ಕೆಂಪು, ಹಸಿರು, ನೀಲಿ ಚಾನೆಲ್‌ಗಳಾಗಿ ಬಿಡಿಸಿ, ಒಂದೊಂದನ್ನೇ ಕಪ್ಪು ಬಿಳುಪಿನಲ್ಲಿ ನೋಡಿ. ಹಳದಿ ಶಾಯಿ ನೀಲಿ ಬೆಳಕನ್ನು ಹೀರುತ್ತದೆ, ಹಾಗಾಗಿ ನೀಲಿ ಚಾನೆಲಿನಲ್ಲಿ ಅದು ಕಪ್ಪಗೆ ಕಾಣುತ್ತದೆ. ಕಣ್ಣಿಗೆ ಮರದ ಬಣ್ಣದಲ್ಲಿ ಬೆರೆತುಹೋದ ಹಳದಿಯ ಅಂಚು ಅಲ್ಲಿ ಎದ್ದು ಬರುವುದುಂಟು. ಕೆಂಪು ಶಾಯಿಗೆ ಹಸಿರು ಚಾನೆಲ್ ನೋಡಿ. ಕಾಂಟ್ರಾಸ್ಟ್ ಏರಿಸಿ. ಮೊದಲ ಸಲ ಹೀಗೆ ಒಂದು ನಕ್ಷತ್ರದ ಮೂಲೆ ಎದ್ದು ಬಂದಾಗ ಆಗುವ ಖುಷಿಯೇ ಬೇರೆ. ಹಲಗೆಯ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ನೋಡುವುದೂ ಒಳ್ಳೆಯದು. ಶಾಯಿಯ ಪದರಕ್ಕೆ ಸ್ವಲ್ಪ ದಪ್ಪ ಇರುತ್ತದೆ, ಅದರ ಅಂಚು ನೆರಳು ಬೀಳಿಸುತ್ತದೆ.

ಆಮೇಲೆ ಇನ್ನೊಂದು ಪಕ್ಕ. ಆ ಕಾಲದ ಎಷ್ಟೋ ಹಲಗೆಗಳ ಕೆಳಭಾಗ ಎಡ ಬಲ ಒಂದೇ ತರಹ. ಎಡ ಫ್ಲಿಪ್ಪರಿನ ಮುಂದೆ ಸವೆದಿದ್ದರೆ ಬಲಗಡೆಯದನ್ನು ತಿರುಗಿಸಿ ಇಟ್ಟು ನೋಡಿ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಉಳಿದಿರುವ ನಾಲ್ಕೈದು ಕಡೆ ಗೆರೆ ಗೆರೆಗೆ ಕೂರುತ್ತದಾ ಅಂತ ನೋಡಿ, ಕೂತರೆ ಮಾತ್ರ ತಗೊಳ್ಳಿ.

ಅದೂ ಆಗದಿದ್ದರೆ ಅದೇ ಮಾದರಿಯ ಇನ್ನೊಂದು ಯಂತ್ರ. ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸ್‌ನಲ್ಲಿ ಸಾವಿರಾರು ಯಂತ್ರಗಳ ಫೋಟೋಗಳಿವೆ. ಆಕಾರ ತಿಳಿಯಲು ಅವು ಸಾಕು, ಅಳತೆಗೆ ಸಾಲುವುದಿಲ್ಲ. ಅದೇ ಯಂತ್ರ ಇಟ್ಟುಕೊಂಡವರು ಯಾರಾದರೂ ಸಿಕ್ಕರೆ ಇಡೀ ಹಲಗೆ ಬಿಚ್ಚಿ ಅಂತ ಕೇಳಬೇಡಿ, ಯಾರೂ ಬಿಚ್ಚುವುದಿಲ್ಲ. ‘ಎಡ ಫ್ಲಿಪ್ಪರಿನ ಮುಂದಿನ ಒಂದು ಗೇಣು ಜಾಗ, ಸ್ಕೇಲ್ ಇಟ್ಟು ನೇರ ಮೇಲಿನಿಂದ ಒಂದು ಫೋಟೋ’ ಅಂತ ಕೇಳಿ. ಇಷ್ಟು ಚಿಕ್ಕ ಉಪಕಾರಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಕಂಪನಿಯ ಹಳೆಯ ಜಾಹೀರಾತು ಹಾಳೆಗಳನ್ನು ಮಾತ್ರ ಅನುಮಾನದಿಂದಲೇ ನೋಡಿ. ಅವುಗಳಿಗೆ ಫೋಟೋ ತೆಗೆದದ್ದು ಎಷ್ಟೋ ಸಲ ಮೊದಮೊದಲ ಸ್ಯಾಂಪಲ್ ಯಂತ್ರದ್ದು, ಕೊನೆಗೆ ಮಾರಾಟಕ್ಕೆ ಬಂದ ಯಂತ್ರದ ಬಣ್ಣ, ಬರಹ ಬೇರೆ ಇರಬಹುದು.

ಇಷ್ಟೆಲ್ಲ ಆದ ಮೇಲೂ ಖಾಲಿ ಉಳಿದರೆ ಕಲಾವಿದನ ಅಭ್ಯಾಸ ನೋಡಬೇಕು. ಮಾರ್ಶ್ ಬಿಡಿಸಿದ ಜನರ ಮೊಣಕೈ, ಗಲ್ಲ ಎಲ್ಲ ಮೊನಚು, ನೋಡಿದ ಕೂಡಲೇ ಗುರುತು ಸಿಗುತ್ತದೆ. ಅವನು ಒಂದಕ್ಕಿಂತ ಹೆಚ್ಚು ಕಂಪನಿಗಳಿಗೆ ಬಿಡಿಸಿದವನು, ಹಾಗಾಗಿ ನಿಮ್ಮ ಯಂತ್ರದ ಕಂಪನಿಯೊಳಗೇ ಹುಡುಕುತ್ತಾ ಕೂರಬೇಡಿ. ಅದೇ ಕೈ ಬೇರೆ ಯಂತ್ರದಲ್ಲಿ ಬೆರಳನ್ನು ಹೇಗೆ ಮುಗಿಸಿದೆ, ಬಟ್ಟೆಯ ಮಡಿಕೆಗೆ ಎಷ್ಟು ಗೆರೆ ಹಾಕಿದೆ ಅಂತ ನೋಡಿ.

ಇಲ್ಲಿ ಸ್ವಂತ ಬುದ್ಧಿ ಓಡಿಸಿ ‘ಚೆಂದ’ ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ. 1976ರಲ್ಲಿ ಬ್ಯಾಲಿ ಕಂಪನಿಯ ಕ್ಯಾಪ್ಟನ್ ಫೆಂಟಾಸ್ಟಿಕ್ ಯಂತ್ರದ ಬ್ಯಾಕ್‌ಗ್ಲಾಸಿಗೆ ಕ್ರಿಸ್ಟೆನ್ಸನ್ ಒಂದು ಜನಜಂಗುಳಿ ಬಿಡಿಸಿದ. ಆ ಗುಂಪಿನೊಳಗೆ ಕಂಪನಿಯವರಿಗೂ ಮುಜುಗರ ಆಗುವಂಥ ತುಂಟ ವಿವರಗಳನ್ನು ಬಚ್ಚಿಟ್ಟಿದ್ದ. ನಮಗೆ ಕೊಳೆಯ ಚುಕ್ಕೆ ಅಂತ ಕಂಡದ್ದು ಯಾರದೋ ತಮಾಷೆ ಆಗಿರಬಹುದು, ಅಲ್ವಾ? ನಾನು ಊಹೆಯಿಂದ ಎಳೆದ ಪ್ರತಿಯೊಂದು ಗೆರೆಯನ್ನೂ ‘ಊಹೆ’ ಅಂತಲೇ ಹೆಸರಿಟ್ಟ ಬೇರೆ ಲೇಯರಿನಲ್ಲಿ ಇಡುತ್ತೇನೆ. ಎರಡು ವರ್ಷ ಬಿಟ್ಟು ಒಳ್ಳೆಯ ಫೋಟೋ ಸಿಕ್ಕರೆ ಅದನ್ನಷ್ಟೇ ಬದಲಿಸಿದರಾಯಿತು.

ಬಣ್ಣದ ವಿಷಯಕ್ಕೆ ಬಂದರೆ, ಮೊದಲು ಒಂದು ನಿರ್ಧಾರ ಮಾಡಿ. ತೇಪೆ ಹಾಕುತ್ತೀರಾ, ಇಡೀ ಹಲಗೆ ಹೊಸದು ಮಾಡುತ್ತೀರಾ? ತೇಪೆ ಆದರೆ ಇವತ್ತಿನ ಮಾಸಿದ ಬಣ್ಣಕ್ಕೆ ಹೊಂದಿಸಬೇಕು. ಇಡೀ ಹಲಗೆ ಆದರೆ ಅಂದಿನ ಬಣ್ಣಕ್ಕೆ. ಈ ಎರಡನ್ನೂ ಬೆರೆಸಿದವರ ಹಲಗೆಯಲ್ಲಿ ಫ್ಲಿಪ್ಪರಿನ ಮುಂದೆ ಒಂದು ಹೊಸ ಕೆಂಪು ಚೌಕ ಕಣ್ಣಿಗೆ ಹೊಡೆಯುತ್ತಿರುತ್ತದೆ.

ಅಂದಿನ ಬಣ್ಣ ಬೇಕಾದರೆ ಬೆಳಕು ಬೀಳದ ಕಡೆ ಹುಡುಕಿ. ಪೋಸ್ಟಿನ ಬುಡದಲ್ಲಿ, ಲೋಹದ ಪಟ್ಟಿಯ ಅಡಿಯಲ್ಲಿ, ಹಲಗೆಯ ಕೆಳತುದಿಯ ಏಪ್ರನ್ ತಗಡು ಮುಚ್ಚಿದ್ದ ಜಾಗದಲ್ಲಿ. ಅಲ್ಲಿನ ಕೆಂಪು ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ಆದರೆ ಅಲ್ಲೂ ಲ್ಯಾಕರ್ ಹಳದಿಯಾಗಿರುತ್ತದೆ. ಬಿಳಿ ಕೆನೆಯಾಗಿ ಕಾಣುತ್ತದೆ, ನೀಲಿ ಸ್ವಲ್ಪ ಹಸಿರಿಗೆ ತಿರುಗುತ್ತದೆ. ಕಾಣದ ಮೂಲೆಯಲ್ಲಿ ಉಗುರಿನಷ್ಟು ಜಾಗದ ಲ್ಯಾಕರನ್ನು ನಯವಾಗಿ ಉಜ್ಜಿ ತೆಗೆದು, ಅದರ ಪಕ್ಕ ನಂಬರ್ ಹಾಕಿದ ಪ್ಯಾಂಟೋನ್ ಬಣ್ಣದ ಮಾದರಿ ಪಟ್ಟಿಗಳನ್ನು ಹಿಡಿದು, ಹಗಲ ಬೆಳಕಿನಲ್ಲಿ ಕಣ್ಣಿನಿಂದಲೇ ಹೊಂದಿಸಿ. ಆಮೇಲೆ ಅದೇ ಜೋಡಿಯನ್ನು ಬಲ್ಬಿನ ಬೆಳಕಿನಲ್ಲೂ ನೋಡಿ. ಒಂದು ಬೆಳಕಿನಲ್ಲಿ ಹೊಂದಿದ ಎರಡು ಶಾಯಿ ಇನ್ನೊಂದರಲ್ಲಿ ಬೇರೆ ಬೇರೆ ಕಾಣುವುದುಂಟು. ಸ್ಕ್ಯಾನಿನ ಮೇಲೆ ಐಡ್ರಾಪರ್ ಒತ್ತಿ ಬಣ್ಣ ತೆಗೆಯುವುದನ್ನು ಮರೆತುಬಿಡಿ, ಅದು ಕೊಳೆಯ ಬಣ್ಣವನ್ನೂ ಸೇರಿಸಿ ಕೊಡುತ್ತದೆ.

ಫೈಲಿನಲ್ಲಿ ಪ್ರತಿ ಶಾಯಿಗೆ ಒಂದೇ ಗ್ಲೋಬಲ್ ಸ್ವಾಚ್ ಇರಲಿ. ಪ್ರಿಂಟ್ ನೋಡಿದ ಮೇಲೆ ಕೆಂಪು ಬದಲಿಸಬೇಕು ಅನ್ನಿಸಿದರೆ ಒಂದು ಕಡೆ ಬದಲಿಸಿದರೆ ಸಾಕು. ಟೆಸ್ಟ್ ಪ್ರಿಂಟ್ ಅದೇ ಪ್ರಿಂಟರಿನಲ್ಲಿ, ಅದೇ ಮೇಲ್ಮೈಯಲ್ಲಿ, ಮೇಲೆ ಅದೇ ಕ್ಲಿಯರ್ (ಪಾರದರ್ಶಕ ಲೇಪ) ಹಾಕಿ ನೋಡಬೇಕು. ಕ್ಲಿಯರ್ ಬಿದ್ದ ಮೇಲೆ ಬಣ್ಣ ಗಾಢವಾಗುತ್ತದೆ. ಹೊಳೆಯುವ ಫ್ಲೋರೆಸೆಂಟ್ ಕಿತ್ತಳೆ, ಗುಲಾಬಿ ಇದ್ದರೆ ಸಾಮಾನ್ಯ ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ಅವು ಬರುವುದೇ ಇಲ್ಲ. ಅದಕ್ಕೆ ಆ ಬಣ್ಣದ ಶಾಯಿಯನ್ನೇ ತಂದು ಸ್ಕ್ರೀನ್ ಅಥವಾ ಏರ್‌ಬ್ರಶ್ ಮಾಡಬೇಕು.

ನಿಮ್ಮ ವಿಷಯದಲ್ಲಿ ನಾನು ತೇಪೆಯನ್ನೇ ಹೇಳುತ್ತೇನೆ. ಸವೆದಿರುವುದು ಎರಡೇ ಕಡೆ. ಮೂಲ ಶಾಯಿ ಇಷ್ಟು ಉಳಿದಿರುವ ಹಲಗೆಯ ಮೇಲೆ ಪೂರ್ತಿ ಹೊಸ ಚಿತ್ರ ಅಂಟಿಸುವುದು ನನಗೆ ಮನಸ್ಸಿಗೆ ಬರುವುದಿಲ್ಲ. ವಿನೈಲ್ ಓವರ್‌ಲೇ (ಹಲಗೆಯ ಮೇಲೆ ಅಂಟಿಸುವ ಪ್ರಿಂಟಾದ ಪ್ಲಾಸ್ಟಿಕ್ ಹಾಳೆ) ಅಂತೂ ಬೇಡ. ಅದರ ಅಂಚು ಇನ್‌ಸರ್ಟ್‌ಗಳ ಹತ್ತಿರ ಮೆಲ್ಲಗೆ ಏಳುತ್ತದೆ, ದೀಪ ಮಂಕಾಗುತ್ತದೆ. ಸವೆದ ಜಾಗ ಮತ್ತು ಅದರ ಸುತ್ತ ಒಂದು ಅಂಗೈ ಅಗಲ, ಇಷ್ಟನ್ನು ಮಾತ್ರ ಬಿಡಿಸಿ. ವೆಕ್ಟರ್ ಫೈಲಿನಿಂದ ಒಂದೊಂದು ಬಣ್ಣಕ್ಕೂ ಪ್ಲಾಟರಿನಲ್ಲಿ (ಫೈಲಿನ ಗೆರೆಯಂತೆ ಹಾಳೆ ಕೊಯ್ಯುವ ಯಂತ್ರ) ಕಡಿಮೆ ಅಂಟಿನ ಮಾಸ್ಕ್ ಕತ್ತರಿಸಿ, ಏರ್‌ಬ್ರಶ್ಶಿನಲ್ಲಿ ತೆಳು ತೆಳುವಾಗಿ ಹಾಕಿ. ತಿಳಿ ಬಣ್ಣದಿಂದ ಶುರು, ಕಪ್ಪು ಕೊನೆಗೆ, ಅಂದಿನ ಕ್ರಮವೇ. ಮಾಸ್ಕ್ ಅಂಟಿಸುವ ಮುಂಚೆ ಹಳೆಯ ಬಣ್ಣ ಗಟ್ಟಿಯಾಗಿದೆಯಾ ನೋಡಿ, ಇಲ್ಲದಿದ್ದರೆ ಮಾಸ್ಕ್ ತೆಗೆಯುವಾಗ ಅದೂ ಜೊತೆಗೆ ಎದ್ದು ಬರುತ್ತದೆ. ಇನ್‌ಸರ್ಟ್ ಮೇಲಿನ ಸಣ್ಣ ಅಕ್ಷರಗಳಿಗೆ ವಾಟರ್‌ಸ್ಲೈಡ್ ಡೆಕಾಲ್ (ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಚಿತ್ರ) ಸುಲಭ. ಇನ್‌ಸರ್ಟ್‌ಗಳು ಎದ್ದಿದ್ದರೆ, ಕುಸಿದಿದ್ದರೆ ಮೊದಲು ಅವನ್ನು ಹಲಗೆಯ ಮಟ್ಟಕ್ಕೆ ತನ್ನಿ.

ಕೊನೆಗೆ ಕ್ಲಿಯರ್ ಕೋಟ್ ಇಲ್ಲದೆ ಬಿಡಬೇಡಿ. 27 ಮಿಲಿಮೀಟರಿನ, 80 ಗ್ರಾಂ ತೂಕದ ಉಕ್ಕಿನ ಚೆಂಡು ಅದೇ ಜಾಗದಲ್ಲಿ ಮತ್ತೆ ಮತ್ತೆ ಓಡುತ್ತದೆ. ಬರೀ ಬಣ್ಣ ಎಷ್ಟು ದಿನ ತಡೆದೀತು? ಕಾರುಗಳಿಗೆ ಹೊಡೆಯುವ ಎರಡು ಭಾಗದ ಪಾಲಿಯುರೆಥೇನ್ ಕ್ಲಿಯರ್ ಗಟ್ಟಿ ಬರುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಸಾಮಾನ್ಯ ಮಾಸ್ಕ್ ಸಾಲುವುದಿಲ್ಲ. ಹೊರಗಿನ ಗಾಳಿ ಕೊಡುವ ಮುಖವಾಡ, ಸರಿಯಾದ ಸ್ಪ್ರೇ ಬೂತ್ ಇಲ್ಲದಿದ್ದರೆ ಕಾರಿಗೆ ಪೇಂಟ್ ಮಾಡುವವರ ಕೈಗೆ ಕೊಟ್ಟುಬಿಡಿ.

ಬ್ಯಾಕ್‌ಗ್ಲಾಸ್ ಬೇರೆಯದೇ ಪ್ರಾಣಿ. ಅಲ್ಲಿ ಬಣ್ಣ ಇರುವುದು ಗಾಜಿನ ಹಿಂದೆ, ಕ್ರಮವೂ ಉಲ್ಟಾ. ಮೊದಲು ಕಪ್ಪು ಗೆರೆ, ಆಮೇಲೆ ಬಣ್ಣಗಳು, ಅದರ ಹಿಂದೆ ಬಿಳಿ, ಎಲ್ಲಕ್ಕೂ ಹಿಂದೆ ಬೆಳಕು ತಡೆಯುವ ಪದರ. ಹಿಂಬದಿಯನ್ನು ಒರೆಸಬೇಡಿ, ಬೆರಳನ್ನೂ ತಾಗಿಸಬೇಡಿ. ಬಲ್ಬಿನ ಬಿಸಿ, ತೇವ, ವರ್ಷಾನುಗಟ್ಟಲೆ ಹಿಗ್ಗಿ ಕುಗ್ಗಿದ ಗಾಜು, ಇವೆಲ್ಲ ಸೇರಿ ಬಣ್ಣ ಗಾಜಿನಿಂದ ಬಿಟ್ಟಿರುತ್ತದೆ. ಚಕ್ಕೆಗಳನ್ನು ಹಿಡಿದಿಡಲು ಹಿಂದಿನಿಂದ ಕ್ಲಿಯರ್ ಹೊಡೆಯುವುದಿದ್ದರೂ ಅದಕ್ಕೆ ಮುಂಚೆ ಸ್ಕ್ಯಾನ್ ಮುಗಿದಿರಲಿ. ಸ್ಕ್ಯಾನ್ ಮುಂದಿನಿಂದಲೇ. ಬಣ್ಣ ಗಾಜಿನ ದಪ್ಪದಷ್ಟು ಆಚೆ ಇರುತ್ತದೆ, ಹಾಗಾಗಿ ಇಲ್ಲಿ ಸಿಸಿಡಿ ಸ್ಕ್ಯಾನರೇ ಬೇಕು.

ಜೊತೆಗೆ ಹಿಂದಿನಿಂದ ದೀಪ ಹಾಕಿ ಒಂದು ಫೋಟೋ ತೆಗೆಯಿರಿ. ಎಲ್ಲಿ ಬೆಳಕು ಬರಬೇಕು, ಎಲ್ಲಿ ಬರಬಾರದು ಅನ್ನುವುದು ಅದರಲ್ಲಿ ಮಾತ್ರ ಕಾಣುತ್ತದೆ. ಆ ತಡೆಪದರವನ್ನೂ ಒಂದು ಲೇಯರ್ ಆಗಿ ಬಿಡಿಸಬೇಕು. ಇದನ್ನು ಮರೆತು ಬರೀ ಬಣ್ಣ ಪ್ರಿಂಟ್ ಹಾಕಿಸಿದವರಿದ್ದಾರೆ. ದೀಪ ಹಾಕಿದರೆ ‘ಗೇಮ್ ಓವರ್’, ‘ಟಿಲ್ಟ್’ ಎಲ್ಲ ಬರಹ ಒಟ್ಟಿಗೇ ಕಾಣುತ್ತದೆ, ಹಿಂದಿನ ಬಲ್ಬುಗಳೂ ಕಾಣುತ್ತವೆ.

ಹೊಸ ಗಾಜು ಬರುವ ತನಕ ಇರುವುದನ್ನು ಕಾಪಾಡಲು ಒಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. ಹಿಂದಿನ ಬಲ್ಬುಗಳು 44 ನಂಬರಿನವಾ ನೋಡಿ. ಅವು 6.3 ವೋಲ್ಟಿನಲ್ಲಿ 250 ಮಿಲಿಆಂಪ್ ಎಳೆಯುತ್ತವೆ. ಅದೇ ಹೋಲ್ಡರಿಗೆ ಕೂರುವ 47 ನಂಬರಿನದು 150 ಮಾತ್ರ. ಬೆಳಕು ತುಸು ಕಮ್ಮಿ, ಬಿಸಿ ಎಷ್ಟೋ ಕಮ್ಮಿ.

ನೀವು ಬಿಡಿಸಿದ ಫೈಲು ನಿಮ್ಮದಾದರೂ ಚಿತ್ರದ ಹಕ್ಕು ನಿಮ್ಮದಲ್ಲ ಅನ್ನುವುದು ನೆನಪಿರಲಿ. ಎಷ್ಟೋ ಹಳೆಯ ಪಿನ್‌ಬಾಲ್ ಹೆಸರುಗಳ, ಚಿತ್ರಗಳ ಹಕ್ಕು ಇವತ್ತಿಗೂ ಯಾರದೋ ಕೈಯಲ್ಲಿದೆ. ನಿಮ್ಮ ಯಂತ್ರಕ್ಕೆ ತೇಪೆ ಹಾಕಿಕೊಳ್ಳುವುದು ಒಂದು, ಪ್ರಿಂಟ್ ಹಾಕಿ ಮಾರುವುದು ಇನ್ನೊಂದು. ಮಾರುವ ಯೋಚನೆ ಬಂದರೆ ಮೊದಲು ಲೈಸೆನ್ಸ್ ವಿಚಾರಿಸಿ.

ಎಷ್ಟು ದಿನ ಹಿಡಿಯುತ್ತದೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡು ತೇಪೆಗಳನ್ನು ಬಿಡಿಸಲು ಮೂರ್ನಾಲ್ಕು ವಾರದ ಸಂಜೆಗಳು ಸಾಕು. ಬ್ಯಾಕ್‌ಗ್ಲಾಸಿಗೆ ತಿಂಗಳುಗಳೇ ಬೇಕು. ಬಂಪರಿನ ಸುತ್ತಲಿನ ತೇಪೆಯಿಂದ ಶುರು ಮಾಡಿ. ಅಲ್ಲಿ ಮುಖ, ಕೈ ಇರುವುದು ಅಪರೂಪ, ಉಂಗುರ ಮತ್ತು ಕಿರಣಗಳೇ ಜಾಸ್ತಿ, ಅದರಲ್ಲಿ ಅರ್ಧದಷ್ಟು ಬಂಪರಿನ ಟೋಪಿಯ ಅಡಿಗೇ ಹೋಗುತ್ತದೆ. ಕೈ ಪಳಗುವ ತನಕ ಆಗುವ ತಪ್ಪುಗಳು ಅಲ್ಲೇ ಆಗಿಹೋಗಲಿ.